ಪ್ರಾಜೆಕ್ಟ್ ಮೇಜಿನ ಮೇಲೆ ಕೆಟ್ಟ ನಟ್ಟೂ ಇರಲಿ

ಮಾನ್ಯ ಸಂಪಾದಕರೇ,

ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂತೆಂದರೆ ದಾವಣಗೆರೆಯ ಲೇತ್ (ಲೋಹವನ್ನು ತಿರುಗಿಸುತ್ತಾ ಟೂಲಿನಿಂದ ಕತ್ತರಿಸುವ ಯಂತ್ರ) ಶಾಪುಗಳ ಮುಂದೆ ವಿದ್ಯಾರ್ಥಿಗಳ ಬೈಕುಗಳು ಸಾಲುಗಟ್ಟುತ್ತವೆ. ಒಬ್ಬರ ಕೈಯಲ್ಲಿ ಡ್ರಾಯಿಂಗಿನ ಪ್ರಿಂಟು, ಇನ್ನೊಬ್ಬರ ಕೈಯಲ್ಲಿ ಗುಜರಿಯಿಂದ ಆರಿಸಿ ತಂದ ಶಾಫ್ಟಿನ ತುಂಡು. ‘ಅಣ್ಣಾ, ಇದಕ್ಕೆ ಎಷ್ಟಾಗುತ್ತೆ?’ ಎಂಬ ಒಂದೇ ಪ್ರಶ್ನೆ. ಉತ್ತರ ಕೇಳಿದ ಮೇಲೆ ಮುಖ ಸಣ್ಣದಾಗುತ್ತದೆ. ಮನೆಯಲ್ಲಿ ‘ಒಂದು ಕಬ್ಬಿಣದ ತುಂಡಿಗೆ ಏಳು ಸಾವಿರವೇ?’ ಎಂಬ ಮಾತು. ಕಡೆಗೆ ಕೆಲವರು ಹತ್ತು ಹನ್ನೆರಡು ಸಾವಿರ ಕೊಟ್ಟು ರೆಡಿಮೇಡ್ ಪ್ರಾಜೆಕ್ಟನ್ನೇ ತಂದು, ಮೇಲೊಂದು ಕೋಟ್ ಬಣ್ಣ ಹೊಡೆದು ಇಟ್ಟುಬಿಡುತ್ತಾರೆ.

ಆ ಏಳು ಸಾವಿರ ಎಲ್ಲಿ ಹೋಗುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಬಿಚ್ಚಿಡಬೇಕೆನಿಸಿ ಈ ಪತ್ರ. ಲೇತ್, ಮಿಲ್ಲಿಂಗ್, ಫಿಟ್ಟಿಂಗ್ ಕೆಲಸ ಮಾಡುವ ಮತ್ತು ಕಲಿಸುವ ಕೆಲವರು ಸೇರಿ ಬರೆದದ್ದು. ಉದಾಹರಣೆಗೆ ಎರಡು ಟನ್ನಿನ ಸ್ಕ್ರೂ ಜ್ಯಾಕ್ ತೆಗೆದುಕೊಂಡಿದ್ದೇವೆ: ಬಾಡಿಯಲ್ಲಿ ಕೂರಿಸಿದ ನಟ್ಟಿನೊಳಗೆ ಸ್ಕ್ರೂವನ್ನು ಹಿಡಿಕೆಯಿಂದ (ಟಾಮಿ ಬಾರ್) ತಿರುಗಿಸಿದರೆ ಅದು ಮೇಲೇರಿ, ತಲೆಯ ಮೇಲಿನ ಕಪ್ಪಿನಲ್ಲಿ ಕೂತ ಭಾರವನ್ನು ಎತ್ತುತ್ತದೆ. ಮೆಷಿನ್ ಡಿಸೈನ್ ಪಾಠದಲ್ಲಿ ಅದು ಇದ್ದೇ ಇದೆ, ಯಾವುದಾದರೂ ಒಂದು ಬ್ಯಾಚು ಅದನ್ನು ಮಾಡಿಯೇ ತೀರುತ್ತದೆ. ದರಗಳು ತಿಂಗಳಿಂದ ತಿಂಗಳಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವಾದ್ದರಿಂದ ಲೆಕ್ಕಕ್ಕೆಂದು ಹೀಗೆ ಹಿಡಿದಿದ್ದೇವೆ: ಇಎನ್8 (ಮಧ್ಯಮ ಕಾರ್ಬನ್ನಿನ) ಉಕ್ಕು ಕೆ.ಜಿ.ಗೆ 85 ರೂಪಾಯಿ, ಪ್ಲೇಟು-ಪೈಪು 75, ಗನ್‌ಮೆಟಲ್ (ಒಂದು ಬಗೆಯ ಕಂಚು) 800, ಲೇತ್ ಒಂದು ಗಂಟೆಗೆ 300. ಜಿಎಸ್‌ಟಿ ಸೇರಿಸಿಲ್ಲ. ನಿಮ್ಮ ದರ ಹಾಕಿ ಕೂಡಿದರೂ ಯಾವ ಬಾಬ್ತು ದೊಡ್ಡದು, ಯಾವುದು ಚಿಕ್ಕದು ಎಂಬುದು ಹೆಚ್ಚು ಬದಲಾಗದು.

ಮೊದಲು ಲೋಹ. ದುಂಡು ಸರಳಿನ ತೂಕಕ್ಕೆ ಉಕ್ಕಿನ ಅಂಗಡಿಯವರ ಸೂತ್ರ ಸುಲಭ: ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 50 ಮಿ.ಮೀ. ಸರಳು ಮೀಟರಿಗೆ 15.43 ಕೆ.ಜಿ. ತಲೆಯೂ ಸೇರಿ ಸ್ಕ್ರೂಗೆ 275 ಮಿ.ಮೀ. ಬೇಕು ಎಂದರೆ 4.24 ಕೆ.ಜಿ., ಸುಮಾರು 360 ರೂಪಾಯಿ. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಉಪಾಯ ಹೊಳೆಯುತ್ತದೆ: ‘ಥ್ರೆಡ್ ಇರುವ ಭಾಗ ಬರೀ 30 ಮಿ.ಮೀ., ತಲೆ ಮಾತ್ರ 50. 32ರ ಸರಳು ತಂದು ತಲೆಯನ್ನು ಬೇರೆ ಮಾಡಿ ಕೂರಿಸಿದರೆ ಅರ್ಧಕ್ಕರ್ಧ ಉಕ್ಕು ಉಳಿಯುತ್ತದಲ್ಲ?’ ಲೆಕ್ಕ ಹಾಕಿ ನೋಡಿ. 32ರ ಸರಳು ಇಷ್ಟೇ ಉದ್ದಕ್ಕೆ 1.74 ಕೆ.ಜಿ., ತಲೆಗೆ 50ರ ಸರಳಿನ ತುಂಡು 0.77 ಕೆ.ಜಿ. ಉಳಿದದ್ದು 1.7 ಕೆ.ಜಿ., ನೂರ ನಲವತ್ತೈದು ರೂಪಾಯಿ. ಆ ಉಳಿತಾಯಕ್ಕಾಗಿ ತಲೆಗೆ ಬೋರ್ ಹಾಕಬೇಕು (ಒಳ ತೂತನ್ನು ಅಳತೆಗೆ ತೆಗೆಯಬೇಕು), ಬಿಗಿಯಾಗಿ ಕೂರಿಸಬೇಕು, ಪಿನ್ನಿಗೆ ತೂತು ಕೊರೆಯಬೇಕು. ಒಂದೂವರೆ ಗಂಟೆ ಹಾಕಿದರೂ 450 ರೂಪಾಯಿ. 50ರ ಸರಳನ್ನೇ ತಿರುಗಿಸಿ 30ಕ್ಕೆ ಇಳಿಸಲು ಹಳೆಯ ಲೇತಿನಲ್ಲೂ ಮುಕ್ಕಾಲು ಗಂಟೆ ಸಾಕು. ಚಿಪ್ಸು ರಾಶಿ ಬೀಳುತ್ತದೆ, ಬೀಳಲಿ. ಉಕ್ಕಿನಲ್ಲಿ ಜಿಪುಣತನ ಬೇಡ.

ಗನ್‌ಮೆಟಲ್ಲಿನ ಕಥೆಯೇ ಬೇರೆ. ಪುಸ್ತಕದ ಚಿತ್ರದಲ್ಲಿ ನಟ್ಟಿಗೆ ಮೇಲೊಂದು ಕಾಲರ್ ಇರುತ್ತದೆ, 55 ಮಿ.ಮೀ. ನಟ್ಟಿಗೆ 70 ಮಿ.ಮೀ. ಕಾಲರ್. ಕಾಲರಿನ ದಪ್ಪ ಹತ್ತು ಹನ್ನೆರಡು ಮಿ.ಮೀ. ಮಾತ್ರ, ಆದರೆ ಅದಕ್ಕಾಗಿ ಇಡೀ 60 ಮಿ.ಮೀ. ಉದ್ದದ ತುಂಡನ್ನೇ 75ರ ವ್ಯಾಸದಲ್ಲಿ ಕೊಳ್ಳಬೇಕಾಗುತ್ತದೆ: 2.33 ಕೆ.ಜಿ., 1,860 ರೂಪಾಯಿ. ಮೂಗಿಗಿಂತ ಮೂಗುತಿಯೇ ಭಾರ. ಕಾಲರ್ ಬಿಟ್ಟು ನಟ್ಟಿಗೆ ಒಂದು ಮೆಟ್ಟಿಲು ಕೊಡಿ. ಮೇಲಿನ 15 ಮಿ.ಮೀ. 55ರ ವ್ಯಾಸ, ಕೆಳಗಿನದು 48. ಬಾಡಿಯ ಮೇಲಿನ ರಿಂಗಿನಲ್ಲೂ ಅದೇ ಮೆಟ್ಟಿಲು; ಭಾರ ಮೆಟ್ಟಿಲಿನ ಮೇಲೆ ಕೂರುತ್ತದೆ. ಎರಡು ಟನ್ನಿಗೆ ಆ ಮೆಟ್ಟಿಲಿನ ಮೇಲೆ ಬೀಳುವ ಒತ್ತಡ ಪ್ರತಿ ಚದರ ಮಿ.ಮೀ.ಗೆ ಸುಮಾರು 35 ನ್ಯೂಟನ್, ಗನ್‌ಮೆಟಲ್ ತಡೆಯುತ್ತದೆ. ಆಗ 60ರ ವ್ಯಾಸದ ತುಂಡು ಸಾಕು: 1.49 ಕೆ.ಜಿ., 1,190 ರೂಪಾಯಿ. ಡ್ರಾಯಿಂಗಿನಲ್ಲಿ ಎರಡು ಗೆರೆ ಬದಲಿಸಿದ್ದಕ್ಕೆ 670 ರೂಪಾಯಿ ಉಳಿಯಿತು.

ಬಾಡಿಗೆ ಬೀಡು ಎರಕ ಬೇಕೆಂದು ಹಟ ಹಿಡಿಯುವವರಿದ್ದಾರೆ. ಒಂದೇ ಒಂದು ಜ್ಯಾಕಿಗೆ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಮಾದರಿ) ಮಾಡಿಸುವುದು ದಂಡ. 80 ಎನ್‌ಬಿ (ಹೆಸರಿಗೆ 80 ಮಿ.ಮೀ. ಒಳವ್ಯಾಸದ) ಪೈಪಿನ 130 ಮಿ.ಮೀ. ತುಂಡು, ಕೆಳಗೆ 150 × 150 × 12ರ ಪ್ಲೇಟು, ಮೇಲೆ 100 ವ್ಯಾಸದ 25 ದಪ್ಪದ ರಿಂಗು, ಮೂರನ್ನೂ ವೆಲ್ಡ್ ಮಾಡಿದರೆ ಮುಗಿಯಿತು. ಐದು ಕೆ.ಜಿ.ಯ ಒಳಗೆ, 360 ರೂಪಾಯಿ. ಆದರೆ ಕ್ರಮ ತಪ್ಪಬಾರದು. ಮೊದಲು ರಿಂಗಿಗೆ ಅಳತೆಗೆ ಸರಿಯಾಗಿ ಬೋರ್ ಹಾಕಿ, ಆಮೇಲೆ ಪೈಪಿಗೆ ವೆಲ್ಡ್ ಮಾಡಿದರೆ ಕಾವಿಗೆ ಬೋರು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ರಿಂಗು ಒಂದು ಕಡೆಗೆ ವಾಲುತ್ತದೆ. ನಟ್ಟು ಒಳಗೆ ಹೋಗುವುದಿಲ್ಲ. ಅರ ಹಿಡಿದು ಉಜ್ಜಿ ಕೂರಿಸಿದರೂ ಸ್ಕ್ರೂ ನೆಟ್ಟಗೆ ನಿಲ್ಲುವುದಿಲ್ಲ. ರಿಂಗಿಗೆ 40ರ ಒರಟು ತೂತು ಮಾತ್ರ ಇಟ್ಟು ವೆಲ್ಡ್ ಮಾಡಿ, ತಣಿಯಲು ಬಿಟ್ಟು, ಬೇಸ್ ಪ್ಲೇಟಿನ ತಳವನ್ನು ಫೇಸ್ ಮಾಡಿಕೊಂಡು (ಸಮತಟ್ಟಾಗಿ ಕತ್ತರಿಸಿಕೊಂಡು), ಆ ತಳವನ್ನೇ ಆಧಾರ ಮಾಡಿ ಬೋರ್ ಮುಗಿಸಬೇಕು. ಕ್ರಮ ತಪ್ಪಿದವರು ಅದೇ ಕೆಲಸವನ್ನು ಎರಡನೇ ಸಲ ಮಾಡಲು ಎರಡು ಗಂಟೆ, 600 ರೂಪಾಯಿ ಕೊಡುತ್ತಾರೆ.

ಟಾಮಿ ಬಾರ್, ಕಪ್, ವಾಷರ್, ಗ್ರಬ್ ಸ್ಕ್ರೂಗೆ (ತಲೆಯಿಲ್ಲದ ಸಣ್ಣ ಸ್ಕ್ರೂ) 150 ಸೇರಿಸಿದರೆ ಲೋಹದ ಬಾಬ್ತು 2,060 ರೂಪಾಯಿ. ‘ಕಬ್ಬಿಣದ ತುಂಡು’ ಇಷ್ಟೇ. ಸರಳು ಕೊಳ್ಳುವಾಗ ಒಂದು ಮಾತು. ‘ಇಎನ್8’ ಎಂದು ಅಂಗಡಿಯಲ್ಲಿ ಹೇಳಿದ ಮಾತ್ರಕ್ಕೆ ಅದು ಇಎನ್8 ಆಗಬೇಕಿಲ್ಲ. ತುದಿಗೆ ಉಕ್ಕಿನ ಗುರುತಿನ ಬಣ್ಣ ಬಳಿದಿದ್ದರೆ ಆ ತುದಿಯನ್ನು ಕೊನೆಯವರೆಗೂ ಕತ್ತರಿಸಬೇಡಿ. ಗ್ರೈಂಡಿಂಗ್ ಕಲ್ಲಿಗೆ ಒಡ್ಡಿ ಕಿಡಿ ನೋಡಿ: ಮೆದು ಉಕ್ಕಿನ ಕಿಡಿ ಉದ್ದನೆಯ ನೇರ ಗೆರೆ, ಕಾರ್ಬನ್ ಹೆಚ್ಚಾದಂತೆ ತುದಿಯಲ್ಲಿ ಕವಲೊಡೆದು ಸುರುಸುರು ಬತ್ತಿಯಂತೆ ಸಿಡಿಯುತ್ತದೆ. ಗೊತ್ತಿರುವ ಒಂದು ಮೆದು ಉಕ್ಕಿನ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಕಣ್ಣಿಗೇ ತಿಳಿಯುತ್ತದೆ.

ಈಗ ಗಂಟೆಗಳ ಲೆಕ್ಕ. ಸ್ಕ್ರೂ ಟರ್ನಿಂಗಿಗೆ ಎರಡು ಗಂಟೆ, ಅದರ ಥ್ರೆಡ್ಡಿಗೆ ಎರಡೂವರೆ, ನಟ್ಟಿನ ಬೋರು ಮತ್ತು ಒಳ ಥ್ರೆಡ್ಡಿಗೆ ಮೂರೂವರೆ, ಬಾಡಿಗೆ ಎರಡು, ಟಾಮಿ ಬಾರಿನ ತೂತು ಮತ್ತು ಗ್ರಬ್ ಸ್ಕ್ರೂಗೆ ಒಂದು, ಜೋಡಣೆಗೆ ಒಂದು. ಒಟ್ಟು 12 ಗಂಟೆ, 3,600 ರೂಪಾಯಿ. ಇದು ಎಲ್ಲವೂ ಮೊದಲ ಸಲಕ್ಕೇ ಸರಿಹೋದರೆ. ಹನ್ನೆರಡರಲ್ಲಿ ಆರು ಗಂಟೆ ಥ್ರೆಡ್ಡಿನ ಸುತ್ತವೇ ಇದೆ, ಜಾಬ್ (ಮಾಡುತ್ತಿರುವ ತುಂಡು) ಕೆಡುವುದೂ ಅಲ್ಲಿಯೇ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಪುಸ್ತಕ ನೋಡಿ 30 ಮಿ.ಮೀ. ವ್ಯಾಸ, 6 ಮಿ.ಮೀ. ಪಿಚ್ಚಿನ (ಒಂದು ಹಲ್ಲಿನಿಂದ ಮುಂದಿನದಕ್ಕೆ ಇರುವ ದೂರ) ಸ್ಕ್ವೇರ್ ಥ್ರೆಡ್ (ಚೌಕ ಹಲ್ಲು) ಎಂದು ಡ್ರಾಯಿಂಗ್ ಬರೆಯುತ್ತಾರೆ. ತಪ್ಪೇನೂ ಇಲ್ಲ. ಆದರೆ ಅದನ್ನು ಕತ್ತರಿಸಬೇಕಾದ ಲೇತಿನ ಲೀಡ್ ಸ್ಕ್ರೂ (ಥ್ರೆಡ್ ಕತ್ತರಿಸುವಾಗ ಟೂಲನ್ನು ಮುಂದೆ ಒಯ್ಯುವ ಉದ್ದನೆಯ ಸ್ಕ್ರೂ) ಯಾವುದು ಎಂದು ಯಾರೂ ನೋಡಿರುವುದಿಲ್ಲ. ನಮ್ಮದು ಲೇತ್ ಕಟ್ಟಿದ ಜಿಲ್ಲೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎರಡು ದಶಕ ದಾಟಿದ್ದರೂ ಅದರ ಲೇತ್‌ಗಳು ಇನ್ನೂ ಶಾಪುಗಳಲ್ಲಿ, ಕಾಲೇಜು ವರ್ಕ್‌ಶಾಪುಗಳಲ್ಲಿ ದುಡಿಯುತ್ತಿವೆ. ಹಳೆಯ ಲೇತ್‌ಗಳಲ್ಲಿ, ಯಾವುದೇ ಕಂಪನಿಯದಿರಲಿ, ಇಂಚಿಗೆ ನಾಲ್ಕು ಥ್ರೆಡ್ಡಿನ ಲೀಡ್ ಸ್ಕ್ರೂ ಸಾಮಾನ್ಯ. ಅಂದರೆ ಪಿಚ್ 6.35 ಮಿ.ಮೀ. ಅದರಲ್ಲಿ 6 ಮಿ.ಮೀ. ಪಿಚ್ ತೆಗೆಯಬೇಕಾದರೆ 120 ಹಲ್ಲಿನ ಗೇರು ಮೇಲೆ, 127 ಹಲ್ಲಿನದು ಕೆಳಗೆ ಬೇಕು. 127ರ ಗೇರು ಎಷ್ಟೋ ಕಡೆ ಕಳೆದುಹೋಗಿ ವರ್ಷಗಳಾಗಿರುತ್ತವೆ. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆಮೇಲೂ ಹಾಫ್ ನಟ್ (ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂಗೆ ಜೋಡಿಸುವ ಸೀಳು ನಟ್ಟು) ಬಿಚ್ಚುವಂತಿಲ್ಲ. ಬಿಚ್ಚಿ ಮತ್ತೆ ಹಾಕಿದರೆ ಟೂಲ್ ಬೇರೆ ಜಾಗದಲ್ಲಿ ಬೀಳುತ್ತದೆ. ಪ್ರತಿ ಕಟ್ ಆದ ಮೇಲೂ ಟೂಲನ್ನು ಹಿಂದಕ್ಕೆ ಎಳೆದು, ಮೋಟರನ್ನು ಉಲ್ಟಾ ತಿರುಗಿಸಿಯೇ ವಾಪಸು ಬರಬೇಕು. ಐವತ್ತು ಕಟ್ಟಿಗೆ ಐವತ್ತು ಸಲ. ಚಕ್ಕು (ಜಾಬನ್ನು ಹಿಡಿದು ತಿರುಗಿಸುವ ಭಾಗ) ಥ್ರೆಡ್ಡಿನ ಮೂತಿಗೆ ಕೂರಿಸಿದ ಹಳೆಯ ಮಾದರಿಯದಾದರೆ, ಉಲ್ಟಾ ತಿರುಗುವಾಗ ಚಕ್ಕೇ ಸಡಿಲಾಗುವ ಅಪಾಯ ಬೇರೆ.

ಡ್ರಾಯಿಂಗಿನಲ್ಲಿ 6 ಎಂಬುದನ್ನು ಕಾಲಿಂಚು, ಅಂದರೆ 6.35 ಮಾಡಿಬಿಡಿ. ಗೇರು ಒಂದಕ್ಕೊಂದು ಸಮ. ಲೀಡ್ ಸ್ಕ್ರೂ ಪಿಚ್ಚೂ ಜಾಬಿನ ಪಿಚ್ಚೂ ಒಂದೇ ಆದ್ದರಿಂದ ಹಾಫ್ ನಟ್ಟನ್ನು ಎಲ್ಲಿ ಬೇಕಾದರೂ ಹಾಕಬಹುದು, ಟೂಲ್ ಅದೇ ಗೀರಿಗೆ ಬೀಳುತ್ತದೆ. ‘ವ್ಯಾಸ ಮಿಲಿಮೀಟರಿನಲ್ಲಿ, ಪಿಚ್ ಇಂಚಿನಲ್ಲಿ, ಇದೆಂಥ ಮಿಶ್ರತಳಿ?’ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿಯಾರು. ಈ ಸ್ಕ್ರೂ ಮತ್ತು ನಟ್ಟು ಜೊತೆಗೇ ಹುಟ್ಟಿದ ಜೋಡಿ, ಇದಕ್ಕೆ ಬಿಡಿ ನಟ್ಟು ಯಾರೂ ಅಂಗಡಿಯಲ್ಲಿ ಹುಡುಕುವುದಿಲ್ಲ ಎನ್ನಿ. ಹೆಲಿಕ್ಸ್ ಕೋನ (ಥ್ರೆಡ್ಡಿನ ಓರೆ) 4.05 ಡಿಗ್ರಿಯಿಂದ 4.3ಕ್ಕೆ ಏರುತ್ತದೆ. ಘರ್ಷಣಾಂಕ 0.1ಕ್ಕೆ ಇಳಿದರೂ ಘರ್ಷಣೆಯ ಕೋನ ಅದಕ್ಕಿಂತ ಹೆಚ್ಚು, 5.7 ಡಿಗ್ರಿ ಇರುವುದರಿಂದ ಜ್ಯಾಕು ತಾನಾಗಿ ಕೆಳಗಿಳಿಯುವುದಿಲ್ಲ. ಇಷ್ಟು ಹೇಳಿದ ವಿದ್ಯಾರ್ಥಿಗೆ ಅಂಕ ಕಡಿಮೆ ಕೊಡುವ ಪರೀಕ್ಷಕರು ಇರಲಾರರು. ಲೇತಿನ ಲೀಡ್ ಸ್ಕ್ರೂ 6 ಮಿ.ಮೀ. ಪಿಚ್ಚಿನದೇ ಆಗಿದ್ದರೆ ಪುಸ್ತಕದ 6 ಮಿ.ಮೀ. ಬಹಳ ಒಳ್ಳೆಯದು. ಯಾವುದೆಂದು ತಿಳಿಯಲು ಹೆಡ್‌ಸ್ಟಾಕಿನ ಮೇಲಿನ ಪಟ್ಟಿ ಓದಬೇಕು, ಎರಡು ನಿಮಿಷದ ಕೆಲಸ. ಓದದೆ ಬಂದರೆ ಸ್ಕ್ರೂ ಮತ್ತು ನಟ್ಟು ಸೇರಿ ಮೂರು ಗಂಟೆ ಹೆಚ್ಚು, 900 ರೂಪಾಯಿ.

ಟೂಲ್ ಗ್ರೈಂಡ್ ಮಾಡುವುದರಲ್ಲಿ ಎಡವುವವರು ಇನ್ನೂ ಹೆಚ್ಚು. ಸ್ಕ್ವೇರ್ ಥ್ರೆಡ್ಡಿನ ಟೂಲ್ ನೋಡಲು ಪಾರ್ಟಿಂಗ್ (ತುಂಡು ಕತ್ತರಿಸಿ ಬೇರ್ಪಡಿಸುವ) ಟೂಲಿನಂತೆಯೇ ಇರುತ್ತದೆ, ಅಗಲ 3.2 ಮಿ.ಮೀ. ಹಾಗಾಗಿ ಎರಡೂ ಪಕ್ಕಕ್ಕೆ ಸಮನಾಗಿ ಒಂದೆರಡು ಡಿಗ್ರಿ ಕ್ಲಿಯರೆನ್ಸ್ (ಉಜ್ಜದಂತೆ ಬಿಡುವ ಓರೆ) ಕೊಟ್ಟುಬಿಡುತ್ತಾರೆ. ಥ್ರೆಡ್ಡು ಓರೆಯಾಗಿ ಹೋಗುತ್ತದೆ ಎಂಬುದು ಮರೆತುಹೋಗುತ್ತದೆ. ತಳದಲ್ಲಿ, ಅಂದರೆ 23.65 ವ್ಯಾಸದಲ್ಲಿ ಆ ಓರೆ 4.9 ಡಿಗ್ರಿ. ಟೂಲ್ ಮುಂದುವರಿಯುವ ಕಡೆಯ ಪಕ್ಕಕ್ಕೆ ಕನಿಷ್ಠ 6 ಡಿಗ್ರಿ ಬೇಕು. ಹಿಂದಿನ ಪಕ್ಕ ಅದೇ ದಿಕ್ಕಿಗೆ 3 ಡಿಗ್ರಿಯಷ್ಟು ವಾಲಿರಬೇಕು. ಇಲ್ಲದಿದ್ದರೆ ಮೊದಲ ಒಂದು ಮಿ.ಮೀ. ಚೆನ್ನಾಗಿ ಕತ್ತರಿಸಿದ ಟೂಲ್ ಆಮೇಲೆ ಕತ್ತರಿಸುವ ಬದಲು ಉಜ್ಜತೊಡಗುತ್ತದೆ. ಸದ್ದು ಬದಲಾಗುತ್ತದೆ, ಥ್ರೆಡ್ಡಿನ ಗೋಡೆ ಹರಿದಂತೆ ಕಾಣುತ್ತದೆ, ಕೈ ಇಟ್ಟರೆ ಜಾಬ್ ಸುಡುತ್ತದೆ. ಆಗಲೇ ನಿಲ್ಲಿಸಿ ಟೂಲ್ ತೆಗೆದು ನೋಡಬೇಕು. ಇನ್ನೂ ಸ್ವಲ್ಪ ಹೋಗಲಿ ಎಂದರೆ ಟೂಲಿನ ಮೂತಿ ಮುರಿದು ಗೀರಿನೊಳಗೇ ಕೂರುತ್ತದೆ.

ವೇಗ ನಿಮಿಷಕ್ಕೆ 40 ಸುತ್ತು. ಒಂದು ಕಟ್ಟಿಗೆ 0.06ರಿಂದ 0.07 ಮಿ.ಮೀ. ಆಳ, ಒಟ್ಟು 3.2 ಮಿ.ಮೀ. ಆಳಕ್ಕೆ ಐವತ್ತರ ಸುಮಾರು ಕಟ್. 160 ಮಿ.ಮೀ. ಉದ್ದಕ್ಕೆ ಒಂದು ಓಟ ನಲವತ್ತು ಸೆಕೆಂಡು, ವಾಪಸು ಬರುವುದೂ ಸೇರಿ ಒಂದು ನಿಮಿಷಕ್ಕೂ ಮೇಲೆ. ಥ್ರೆಡ್ ಮುಗಿಯುವಲ್ಲಿ ಮೊದಲೇ 7 ಮಿ.ಮೀ. ಅಗಲದ ಗ್ರೂವ್ ಅನ್ನು ತಳದ ವ್ಯಾಸದವರೆಗೆ ತೆಗೆದಿಟ್ಟಿರಬೇಕು. ಅದಿಲ್ಲದೆ ಟೂಲ್ ಎಲ್ಲಿ ಹೊರಬರಬೇಕು? ಜಾಬಿನ ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಸೆಂಟರಿನ ಆಸರೆ ಇರಲೇಬೇಕು. ಕಟಿಂಗ್ ಆಯಿಲನ್ನು ಬ್ರಷ್ಷಿನಲ್ಲಿ ಹಚ್ಚುತ್ತಿರಬೇಕು. ಹಾಲಿನಂಥ ಕೂಲಂಟಿಗಿಂತ ಈ ನಿಧಾನದ ಕೆಲಸಕ್ಕೆ ಎಣ್ಣೆಯೇ ವಾಸಿ. ಮಧ್ಯೆ ಕರೆಂಟ್ ಹೋದರೆ ಗಾಬರಿ ಬೇಡ. ಟೂಲಿನ ಆಳ ತೋರಿಸುವ ಕ್ರಾಸ್ ಸ್ಲೈಡಿನ ಡಯಲ್ ಓದಿ ಬರೆದುಕೊಂಡು, ಚಕ್ಕನ್ನು ಕೈಯಿಂದ ತುಸು ಹಿಂದಕ್ಕೆ ತಿರುಗಿಸಿ ಟೂಲ್ ಹೊರಗೆಳೆದುಕೊಳ್ಳಿ.

ಸ್ಕ್ರೂ ಮೊದಲು, ನಟ್ಟು ಆಮೇಲೆ. ಕಾರಣ, ಮುಗಿದ ಸ್ಕ್ರೂವೇ ನಟ್ಟಿಗೆ ಗೇಜು. ನಟ್ಟಿನ ತೂತು 24 ಮಿ.ಮೀ.; ಅದರೊಳಗೆ ಹೋಗುವ, ಟೂಲ್ ಹಿಡಿದ ಬೋರಿಂಗ್ ಬಾರ್ ಹೆಚ್ಚೆಂದರೆ 16 ಮಿ.ಮೀ. ದಪ್ಪ, ಹೊರಚಾಚಿರುವುದು 60 ಮಿ.ಮೀ. ಬಾರ್ ಬಾಗುತ್ತದೆ, ಗುಂಯ್‌ಗುಡುತ್ತದೆ. ಡಯಲ್ 0.05 ತೋರಿಸಿದರೂ ಟೂಲ್ ಅಷ್ಟು ಕತ್ತರಿಸಿರುವುದಿಲ್ಲ. ಅದೇ ಡಯಲ್ಲಿನಲ್ಲಿ ಇನ್ನೊಂದು ಸಲ ಓಡಿಸಿದರೆ ಉಳಿದದ್ದು ಬರುತ್ತದೆ. ಅದಕ್ಕೇ ಪ್ರತಿ ನಾಲ್ಕೈದು ಕಟ್ಟಿಗೊಮ್ಮೆ ಆಳ ಹೆಚ್ಚಿಸದೆ ಒಂದು ಖಾಲಿ ಓಟ. ಒಳ ಟೂಲಿನ ಅಗಲ 3.3 ಇರಲಿ, ಸ್ಕ್ರೂವಿನ ಹಲ್ಲಿಗೆ 0.15 ಮಿ.ಮೀ. ಸಡಿಲ ಸಿಗುತ್ತದೆ. ಥ್ರೆಡ್ಡಿನ ಹೊರ ವ್ಯಾಸ 30.5ಕ್ಕೆ ಬಂದಾಗ ಸ್ಕ್ರೂ ತಂದು ತಿರುಗಿಸಿ ನೋಡಿ, ನಟ್ಟು ಚಕ್ಕಿನಲ್ಲಿ ಇರುವಾಗಲೇ. ಬಿಗಿ ಇದ್ದರೆ ಅಲ್ಲಿಯೇ ಇನ್ನೊಂದೆರಡು ಕಟ್. ಬಹಳ ಮಂದಿ ಮಾಡುವ ತಪ್ಪು ಇದೊಂದೇ: ಅಳತೆ ಸರಿ ಬಂತೆಂದು ನಟ್ಟನ್ನು ಬಿಚ್ಚಿ, ಮೇಜಿನ ಮೇಲೆ ಸ್ಕ್ರೂ ಹಾಕಿ ನೋಡಿ, ‘ಸ್ವಲ್ಪ ಬಿಗಿ ಇದೆ’ ಎಂದು ಮತ್ತೆ ಚಕ್ಕಿಗೆ ಕಟ್ಟುತ್ತಾರೆ. ಬಿಚ್ಚಿದ ನಟ್ಟು ಹಿಂದಿನ ಜಾಗದಲ್ಲೇ ಕೂರುವುದಿಲ್ಲ. ಟೂಲ್ ಗೀರಿನ ಬದಲು ಹಲ್ಲಿನ ಮೇಲೆ ಏರುತ್ತದೆ. 1,190 ರೂಪಾಯಿಯ ಲೋಹ, ಮೂರೂವರೆ ಗಂಟೆಯ 1,050, ಒಟ್ಟು 2,240 ರೂಪಾಯಿ ಒಂದೇ ತಿರುಗಿಗೆ ಹೋಯಿತು. ಇಡೀ ಜ್ಯಾಕಿನ ಖರ್ಚಿನಲ್ಲಿ ಇದು ಹತ್ತಿರಹತ್ತಿರ ಮೂರನೇ ಒಂದು ಪಾಲು.

ಗನ್‌ಮೆಟಲ್ಲಿಗೆ ಡ್ರಿಲ್ ಹಾಕುವಾಗಲೂ ಎಚ್ಚರ. ಉಕ್ಕಿಗೆ ಚೂಪು ಮಾಡಿದ ಡ್ರಿಲ್ ಗನ್‌ಮೆಟಲ್ಲಿನಲ್ಲಿ ತಾನೇ ಒಳಗೆ ಎಳೆದುಕೊಂಡು ಹೋಗಿ ಕಚ್ಚಿಕೊಳ್ಳುತ್ತದೆ. ಅಂಚನ್ನು ಎಣ್ಣೆಕಲ್ಲಿನಲ್ಲಿ ತುಸು ಚಪ್ಪಟೆ ಮಾಡಿ, ರೇಕ್ (ಕತ್ತರಿಸುವ ಅಂಚಿನ ಮುಖದ ಓರೆ) ಸೊನ್ನೆಗೆ ತಂದರೆ ಆ ತೊಂದರೆ ಇರುವುದಿಲ್ಲ. ನಟ್ಟು ತಿರುಗದಂತೆ ಹಾಕುವ ಎಂ8 (8 ಮಿ.ಮೀ. ವ್ಯಾಸದ) ಗ್ರಬ್ ಸ್ಕ್ರೂವನ್ನು ನಟ್ಟು-ರಿಂಗಿನ ಸಂದಿನಲ್ಲಿ ನೆಟ್ಟಗೆ ಕೊರೆಯಲು ಹೋಗಬೇಡಿ. ಅರ್ಧ ಉಕ್ಕು ಅರ್ಧ ಗನ್‌ಮೆಟಲ್ ಇದ್ದಲ್ಲಿ ಡ್ರಿಲ್ ಮೆತ್ತನೆಯ ಕಡೆಗೇ ಸರಿಯುತ್ತದೆ. ರಿಂಗಿನ ಪಕ್ಕದಿಂದ ಅಡ್ಡ ಕೊರೆಯಿರಿ. ಎಂ8ಕ್ಕೆ ಡ್ರಿಲ್ 6.8. ಸಿಕ್ಕಿದ 6.5 ಹಾಕಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕತ್ತರಿಸುವ ಉಪಕರಣ) ಮುರಿದುಕೊಂಡರೆ, ಮುರಿದ ಟ್ಯಾಪನ್ನು ತೆಗೆಯಲು ಸ್ಪಾರ್ಕ್ ಮೆಷಿನ್ನಿಗೆ (ವಿದ್ಯುತ್ ಕಿಡಿಯಿಂದ ಲೋಹ ತೆಗೆಯುವ ಯಂತ್ರ) ಕೊಡುವ ದುಡ್ಡಿನಲ್ಲಿ ಹೊಸ ಟ್ಯಾಪ್ ಸೆಟ್ಟೇ ಬರಬಹುದು.

ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ಹೆಚ್ಚುಕಡಿಮೆ) ಬಗ್ಗೆ ಕಾಲೇಜಿನವರಿಗೇ ಒಂದು ವಿನಂತಿ. ಕಂಪ್ಯೂಟರಿನಲ್ಲಿ ಬರೆದ ಡ್ರಾಯಿಂಗುಗಳಲ್ಲಿ ಎಲ್ಲ ಅಳತೆಗೂ ±0.02 ಎಂದು ಒಂದೇ ಮುದ್ರೆ ಒತ್ತಿರುತ್ತದೆ. ಬೇಸ್ ಪ್ಲೇಟಿನ 150 ಮಿ.ಮೀ. ಬದಿಗೂ ±0.02! ಐಎಸ್‌ಒ 2768 ಎಂಬ ಅಂತರರಾಷ್ಟ್ರೀಯ ಮಾನದಂಡದ ಮಧ್ಯಮ ದರ್ಜೆಯಲ್ಲಿ 120ರಿಂದ 400 ಮಿ.ಮೀ. ಅಳತೆಗೆ ±0.5, 30ರಿಂದ 120ಕ್ಕೆ ±0.3 ನಡೆಯುತ್ತದೆ. ಈ ಜ್ಯಾಕಿನಲ್ಲಿ ನಿಖರತೆ ಬೇಕಾದದ್ದು ಸ್ಕ್ರೂ-ನಟ್ಟಿನ ಹೊಂದಿಕೆಗೆ ಮಾತ್ರ. ನಟ್ಟಿನ ಕೂರುವ ಜಾಗಕ್ಕೆ ಪುಸ್ತಕದಲ್ಲಿರುವಂತೆ 55 ಎಚ್7/ಪಿ6 (ಎಚ್7 ತೂತಿನ, ಪಿ6 ನಟ್ಟಿನ ಟಾಲರೆನ್ಸ್) ಎಂದು ಬರೆಯುತ್ತಾರೆ. ಅಂದರೆ ತೂತು 55.000ದಿಂದ 55.030, ನಟ್ಟು 55.032ರಿಂದ 55.051, ಸುತ್ತಿಗೆಯಿಂದ ಬಡಿದು ಕೂರಿಸಿದರೆ ನಟ್ಟು ಒಳಮುಖವಾಗಿ ಒತ್ತಿ, ಅಷ್ಟು ಕಷ್ಟಪಟ್ಟ ಥ್ರೆಡ್ಡು ಬಿಗಿಯಾಗುತ್ತದೆ. ಭಾರ ಮೆಟ್ಟಿಲಿನ ಮೇಲಿದೆ, ತಿರುಗದಂತೆ ಗ್ರಬ್ ಸ್ಕ್ರೂ ಇದೆ. ತೂತು 55.1, ನಟ್ಟು 55 ಸಾಕು. ಎಚ್7 ಬೇಕೇಬೇಕು ಎನ್ನುವವರು ಇದನ್ನೂ ಗಮನಿಸಲಿ: ಟರ್ನಿಂಗ್ ಮುಗಿದ ಕೂಡಲೇ 30 ಡಿಗ್ರಿ ಹೆಚ್ಚು ಬಿಸಿಯಾಗಿರುವ 55 ಮಿ.ಮೀ. ಗನ್‌ಮೆಟಲ್ ನಟ್ಟು ಸುಮಾರು 0.03 ಮಿ.ಮೀ. ಹಿಗ್ಗಿರುತ್ತದೆ. ಎಚ್7ರ ಇಡೀ ಅವಕಾಶವೇ ಅಷ್ಟು. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ತಗಡಿನ ಶೆಡ್ಡಿನಲ್ಲಿ ಬಿಸಿ ಜಾಬ್ ಅಳೆದು ‘ಕರೆಕ್ಟ್’ ಎಂದದ್ದು ಸಂಜೆಗೆ ಸಡಿಲಾಗಿರುತ್ತದೆ, ಮೈಕ್ರೋಮೀಟರಿನ ತಪ್ಪಲ್ಲ.

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಲೇತ್) ಮಾಡಿಸಿದರೆ ಇದೆಲ್ಲ ತಲೆನೋವೇ ಇಲ್ಲವಲ್ಲ ಎನ್ನುವವರಿಗೆ: ಒಂದೇ ತುಂಡಿಗೆ ಪ್ರೋಗ್ರಾಂ, ಟೂಲ್ ಆಫ್‌ಸೆಟ್, ಚಕ್ಕಿನ ಜಾ (ಹಿಡಿಯುವ ದವಡೆ) ಕಟ್ಟುವುದು ಸೇರಿ ಸೆಟ್ಟಿಂಗಿಗೇ ಗಂಟೆ ಹಿಡಿಯುತ್ತದೆ. ನೂರು ತುಂಡಿಗೆ ಆ ಗಂಟೆ ಹಂಚಿಹೋಗುತ್ತದೆ, ಒಂದಕ್ಕೆ ಹಂಚಿಹೋಗುವುದಿಲ್ಲ. ಎರಡು ಟನ್ನಿನ ಹೈಡ್ರಾಲಿಕ್ ಬಾಟಲ್ ಜ್ಯಾಕು ಅಂಗಡಿಯಲ್ಲಿ ಸಾವಿರದ ಆಸುಪಾಸಿಗೆ ಸಿಗುವುದೂ ಇದೇ ಕಾರಣಕ್ಕೆ. ವಿದ್ಯಾರ್ಥಿ ತನ್ನ ರಿಪೋರ್ಟಿನಲ್ಲಿ ‘ನಮ್ಮ ಜ್ಯಾಕು ಮಾರುಕಟ್ಟೆಗಿಂತ ಅಗ್ಗ’ ಎಂದು ಬರೆದಿದ್ದರೆ ಲೆಕ್ಕ ಸುಳ್ಳು ಎಂದು ತಿಳಿಯಿರಿ.

ಆ ರಿಪೋರ್ಟುಗಳಲ್ಲಿ ಬಿಟ್ಟುಹೋಗುವ ಇನ್ನೊಂದು ಲೆಕ್ಕ ಕಪ್ಪಿನ ಕೆಳಗಿನ ಉಜ್ಜಾಟ. ಘರ್ಷಣಾಂಕ 0.15 ಹಿಡಿದರೆ ಎರಡು ಟನ್ ಎತ್ತಲು ಥ್ರೆಡ್ಡಿಗೆ ಸುಮಾರು 61 ನ್ಯೂಟನ್-ಮೀಟರ್ ತಿರುಗುಬಲ ಬೇಕು, 300 ಮಿ.ಮೀ. ಹಿಡಿಕೆಯ ತುದಿಯಲ್ಲಿ ಇಪ್ಪತ್ತೊಂದು ಕೆ.ಜಿ. ಬಲ. ಕಪ್ಪು ತಿರುಗುವಲ್ಲಿ ಸರಾಸರಿ 15 ಮಿ.ಮೀ. ತ್ರಿಜ್ಯದ ಉಜ್ಜಾಟ ಸೇರಿಸಿದರೆ ಅದು 106ಕ್ಕೆ, ಮೂವತ್ತಾರು ಕೆ.ಜಿ.ಗೆ ಏರುತ್ತದೆ. ಪ್ರದರ್ಶನದ ದಿನ ಟಾಮಿ ಬಾರ್ ಬಾಗುವುದು ಇದರಿಂದಲೇ. ಕಪ್ಪಿನ ಕೆಳಗೆ ಗ್ರೀಸ್ ಹಚ್ಚಿದ ಒಂದು ಗನ್‌ಮೆಟಲ್ ವಾಷರ್ ಇರಲಿ. ಪರೀಕ್ಷೆಗೆ ಕಾರು ಎತ್ತಿ ಅದರಡಿ ಇಣುಕುವ ಸಾಹಸ ಖಂಡಿತ ಬೇಡ. ಕಾಲೇಜಿನ ಲ್ಯಾಬಿನಲ್ಲಿ ಯುಟಿಎಂ (ಒತ್ತಿ, ಎಳೆದು ಬಲ ಪರೀಕ್ಷಿಸುವ ಯಂತ್ರ) ಇದೆ, ಅದರಲ್ಲಿ 20 ಕಿಲೋನ್ಯೂಟನ್ (ಎರಡು ಟನ್ನಿನಷ್ಟು) ಒತ್ತಿ ನೋಡಿ. ಲೇತಿನ ಮುಂದೆ ಕೈಗವಸು, ದುಪಟ್ಟಾ, ತೂಗಾಡುವ ತೋಳು ಬೇಡ. ಚಕ್ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಬೇಡಿ. ಉದ್ದನೆಯ ಚಿಪ್ಸನ್ನು ಕೈಯಿಂದ ಎಳೆಯದೆ ಕೊಕ್ಕೆಯಿಂದ ಎಳೆಯಿರಿ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್, ಸೆಂಟರ್ ಡ್ರಿಲ್, ಟ್ಯಾಪ್, ಬ್ಲೇಡ್, ಎಣ್ಣೆಗೆ ಒಂದು ಸಾವಿರ; ವೆಲ್ಡಿಂಗ್, ಬಣ್ಣಕ್ಕೆ 400. ಲೋಹದ 2,060, ಲೇತಿನ 3,600 ಸೇರಿದರೆ 7,060 ರೂಪಾಯಿ. ನಾಲ್ವರ ಬ್ಯಾಚಿಗೆ ತಲಾ 1,765. ಕಾಲೇಜಿನದೇ ಲೇತಿನಲ್ಲಿ ತಾವೇ ಮಾಡಿದರೆ 3,600 ಜೇಬಿನಿಂದ ಹೋಗುವುದಿಲ್ಲ, ಗಂಟೆ ಮಾತ್ರ ದುಪ್ಪಟ್ಟಾಗುತ್ತದೆ. ಇನ್ನು ಕಾಲರಿನ 670, ಪಿಚ್ಚಿನ 900, ವೆಲ್ಡಿಂಗ್ ಕ್ರಮ ತಪ್ಪಿದ 600, ಕೆಟ್ಟ ನಟ್ಟಿನ 2,240 ಒಂದೇ ಬ್ಯಾಚಿನ ತಲೆ ಮೇಲೆ ಬಿದ್ದರೆ ಬಿಲ್ಲು 11,470. ಎತ್ತುವುದು ಅದೇ ಎರಡು ಟನ್ನು. ರೆಡಿಮೇಡ್ ಅಂಗಡಿಗೆ ಕೊಡುವ ದುಡ್ಡು ಇಲ್ಲಿಗೆ ಸಮವಾಗುತ್ತದೆ, ವಿದ್ಯಾರ್ಥಿಗಳು ಅತ್ತ ವಾಲುವುದೂ ಇಲ್ಲಿಯೇ. ಈ ನಾಲ್ಕರಲ್ಲಿ ಮೂರು ಡ್ರಾಯಿಂಗ್ ಬೋರ್ಡಿನಲ್ಲೇ ತಡೆಯಬಹುದಾದವು.

ಅದಕ್ಕಾಗಿ ಕಾಲೇಜುಗಳಲ್ಲಿ ನಾವು ಕೇಳುವುದು ಎರಡು. ಲೋಹ ಕೊಳ್ಳುವ ಮೊದಲೇ ಡ್ರಾಯಿಂಗಿನ ಜೊತೆಗೆ ಒಂದು ಪುಟದ ಪ್ರೋಸೆಸ್ ಶೀಟ್ ಬರೆಸಿ: ಯಾವ ಆಪರೇಷನ್ ಮೊದಲು, ಯಾವ ಲೇತ್, ಅದರ ಲೀಡ್ ಸ್ಕ್ರೂ ಯಾವುದು, ಜಾಬ್ ಹೇಗೆ ಹಿಡಿಯುವುದು, ಎಷ್ಟು ಗಂಟೆ. ಅದನ್ನು ಗೈಡ್ ಜೊತೆಗೆ ವರ್ಕ್‌ಶಾಪಿನ ಇನ್‌ಸ್ಟ್ರಕ್ಟರೂ ನೋಡಿ ಸಹಿ ಹಾಕಲಿ. ರಿಪೋರ್ಟಿನಲ್ಲಿ ಅವರ ಹೆಸರಿಗೆ ಜಾಗವೇ ಇರುವುದಿಲ್ಲ, ಅದೂ ಸರಿಯಲ್ಲ. ಇನ್ನೊಂದು, ವೈವಾ ದಿನ ಮೇಜಿನ ಮೇಲೆ ಬಣ್ಣ ಹೊಡೆದ ಜ್ಯಾಕಿನ ಪಕ್ಕದಲ್ಲಿ ಕೆಟ್ಟ ತುಂಡುಗಳನ್ನೂ ಇಡಿಸಿ. ಪ್ರತಿಯೊಂದಕ್ಕೂ ತಂತಿಯಲ್ಲಿ ಕಟ್ಟಿದ ಒಂದು ಚೀಟಿ: ಯಾವ ಆಪರೇಷನ್ನಿನಲ್ಲಿ, ಯಾವ ಅಳತೆ, ಎಷ್ಟು ತಪ್ಪಿತು, ಯಾಕೆ, ಎಷ್ಟು ರೂಪಾಯಿ. ರೆಡಿಮೇಡ್ ತಂದವರ ಬಳಿ ಇಂಥ ತುಂಡು ಇರುವುದಿಲ್ಲ, ಇದ್ದರೂ ಅದರ ಚೀಟಿ ಬರೆಯಲು ಬರುವುದಿಲ್ಲ.

ಗನ್‌ಮೆಟಲ್ ಚಿಪ್ಸನ್ನು ಮಾತ್ರ ಉಕ್ಕಿನ ಚಿಪ್ಸಿಗೆ ಬೆರೆಸಬೇಡಿ, ನಟ್ಟು ಕಟ್ಟುವ ಮೊದಲು ಲೇತಿನ ಟ್ರೇ ಗುಡಿಸಿಕೊಳ್ಳಿ. ಒಂದು ನಟ್ಟಿಗೆ ಸುಮಾರು 850 ಗ್ರಾಂ ಚಿಪ್ಸು ಬೀಳುತ್ತದೆ. ಬೇರೆ ಡಬ್ಬದಲ್ಲಿದ್ದರೆ ಗುಜರಿಯಲ್ಲಿ ಅದಕ್ಕೆ ಹಿತ್ತಾಳೆ-ಕಂಚಿನ ಸಾಲಿನ ದರ, ಬೆರೆತಿದ್ದರೆ ಕಬ್ಬಿಣದ ದರ. ಅರ್ಧ ಬೆಲೆ ಬಂದರೂ 340 ರೂಪಾಯಿ. ಕೆಟ್ಟ ನಟ್ಟಿಗೂ ಇನ್ನೂರೈವತ್ತು ಬಂದೀತು, ಅದನ್ನು ಮಾತ್ರ ವೈವಾ ಮುಗಿಯುವ ತನಕ ಮಾರಬೇಡಿ.

– ಲೇತ್ ಮತ್ತು ಫಿಟ್ಟಿಂಗ್ ಕೆಲಸ ಮಾಡುವ, ಕಲಿಸುವ ಕೆಲವರು, ದಾವಣಗೆರೆ